ಇಲ್ಲದ ಬೆರಳಿನ ನೋವು

ಬಲಗೈಯ ಎರಡು ಬೆರಳು ಹೋಗಿ ಎಂಟು ತಿಂಗಳಾದರೂ ಫಕೀರವ್ವನಿಗೆ ಅವೇ ಬೆರಳು ನೋಯುತ್ತಿದ್ದವು. ಇಚಲಕರಂಜಿಯ ಆಬಾಸಾಹೇಬನ ಕಾರಖಾನೆಯಲ್ಲಿ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಕಾಂಡಿ ಸುತ್ತುವಾಗ ಯಂತ್ರದ ತಿರುಗುವ ಪಟ್ಟಾ ಅವನ್ನು ಎಳೆದುಕೊಂಡಿತ್ತು. ಪಟ್ಟಾಕ್ಕೆ ಕೈ ತಾಗದಂತೆ ತಂತಿಯ ಜಾಳಿ ಹಾಕಿಸಿರೆಂದು ಅದಕ್ಕೂ ಮೊದಲೇ ಅವಳು ಮಾಲಕನಿಗೆ ಎರಡು ಸಲ ಬಾಯಿಬಿಟ್ಟು ಹೇಳಿದ್ದಳು. ಈಗ ಇಲ್ಲದ ಬೆರಳು ಮಡಚಿಕೊಂಡು, ಉಗುರು ಅಂಗೈಗೆ ನೆಟ್ಟಂತೆ ಉರಿಯುತ್ತಿತ್ತು. ಹೇಳಿದರೆ ಜನ ನಗುತ್ತಿದ್ದರು. ಗಂಡ ಯಲಗೂರಪ್ಪನೂ, "ಇಲ್ಲದ್ದು ಹೆಂಗ ನೋಯ್ತೈತಿ?" ಎಂದಾಗ ಅವಳು ಕೈಯಲ್ಲಿದ್ದ ತಾಟನ್ನು ಗೋಡೆಗೆ ಬೀಸಿದ್ದಳು.

ಗುಳಿಗೆಗಳಿಂದ ಏನೂ ಆಗದೆ, ಗಡಹಿಂಗ್ಲಜದಲ್ಲಿ ಸಮ್ಮೋಹನದಿಂದ ನೋವು ತಗ್ಗಿಸುವ ಡಾಕ್ಟರ್ ರುತುಜಾ ಬಳಿಗೆ ಹೋದಳು.

"ನಿಮ್ಮ ನೋವು ಖರೇನ ಐತ್ರಿ," ಎಂದರು ಅವರು, ಮೊದಲಿಗೇ.

ಇಷ್ಟು ಮಾತು ಕೇಳಲು ಎಂಟು ತಿಂಗಳು ಬೇಕಾಯಿತಲ್ಲ ಎಂದು ಫಕೀರವ್ವನ ಸಿಟ್ಟು ಮತ್ತೂ ಏರಿತು. ಡಾಕ್ಟರು ಕಣ್ಣು ಮುಚ್ಚಿಸಿ, ಉಸಿರು ನಿಧಾನ ಮಾಡಿಸಿ, ಮೆಲ್ಲಗೆ ಮಾತಾಡುತ್ತ ಅವಳನ್ನು ಮನಸ್ಸಿನಲ್ಲೇ ತವರಿನ ಹೊಳೆಗೆ ಕರೆದೊಯ್ದರು. ತಣ್ಣೀರಿನಲ್ಲಿ ಕೈ ಇಳಿಬಿಡಿ, ಬೆರಳು ಒಂದೊಂದಾಗಿ ಬಿಚ್ಚಿರಿ ಎಂದರು. ನಾಲ್ಕನೇ ಸಲಕ್ಕೆ ಬಿಚ್ಚಿದವು, ನೋವು ಇಳಿಯಿತು. ಉರಿ ಎದ್ದಾಗ ತಾನೇ ಹಾಗೆ ಕೂತು ಆರಿಸುವುದನ್ನೂ ಕಲಿತಳು.

ಸುದ್ದಿ ಮಾಲಕನ ಕಿವಿಗೂ ಬಿತ್ತು. ಅವಳು ಕೆಲಸಕ್ಕೆ ಮರಳಿದ ದಿನ ಆಬಾಸಾಹೇಬ ಹೆಂಗಸರೆಲ್ಲರ ಎದುರು ನಕ್ಕ. "ಬರೀ ಮಾತಿಗೆ ಹೋತಂದ್ರ ಅದೆಂಥಾ ನೋವು? ಎಲ್ಲಾ ಮನಸಿನ ಖೇಳ!"

ಫಕೀರವ್ವ ತನ್ನ ಬೆರಳು ತಿಂದ ಯಂತ್ರದ ಕಡೆ ನೋಡಿದಳು. ಪಟ್ಟಾ ಜಾಳಿಯಿಲ್ಲದೆಯೇ ತಿರುಗುತ್ತಿತ್ತು. ಅದರ ಮುಂದೆ ಹೊಸದಾಗಿ ಸೇರಿದ ರೂಪಾಲಿ ಕೂತಿದ್ದಳು. ಫಕೀರವ್ವ ಗುಂಡಿ ಒತ್ತಿ ಯಂತ್ರ ನಿಲ್ಲಿಸಿ, ತನ್ನ ಬಲಗೈಯನ್ನು ಅವನ ಮುಖಕ್ಕೇ ಹಿಡಿದಳು.

"ನೋವು ಹೋಗೇತ್ರಿ ಮಾಲಕರ. ಬೆರಳು ಬಂದಾವೇನು? ಎಣಸ್ರಿ!"

"ಏ, ಓರಡೂ ನಕೋ!" ಒದರಬೇಡವೆಂದು ಆತ ಮರಾಠಿಯಲ್ಲಿ ಗದರಿದ.

"ಒದರತೇನಿ! ಡಾಕ್ಟರಬಾಯಿ ನೋವಷ್ಟ ತಗದಾರ, ಸಿಟ್ಟು ತಗದಿಲ್ಲ. ಜಾಳಿ ಬರೂತನಾ ಇಲ್ಲಿ ಯಾರೂ ಕೂಡೂದಿಲ್ಲ. ಏಳ ರೂಪಾಲಿ!"

ರೂಪಾಲಿ ಎದ್ದಳು. ಉಳಿದವರೂ ಒಬ್ಬೊಬ್ಬರಾಗಿ ಯಂತ್ರ ಆರಿಸಿದರು. ಕಾಂಡಿಯಿಲ್ಲದೆ ಮರುದಿನ ಮಗ್ಗಗಳೂ ನಿಂತವು. ಮೂರನೆಯ ದಿನ ಫಿಟ್ಟರ್ ಬಂದು ಎಲ್ಲ ಪಟ್ಟಾಗಳಿಗೂ ಜಾಳಿ ಕೂರಿಸಿದ.

ಫಕೀರವ್ವ ಅಲ್ಲಿಯೇ ಕೆಲಸ ಮಾಡುತ್ತಾಳೆ. ತಪ್ಪಾಯಿತೆಂದು ಆಬಾಸಾಹೇಬ ಇವತ್ತಿಗೂ ಹೇಳಿಲ್ಲ. ಅವಳೂ ಅವನಿಗೆ ನಮಸ್ಕಾರ ಹೇಳುವುದನ್ನು ಬಿಟ್ಟಿದ್ದಾಳೆ.