ಆದೋನಿಯಲ್ಲಿ ‘ಬಾಗಿದೆ’ ಅಂದರೆ

ಬೆಳಗಿನ ಏಳು ಗಂಟೆಗೆ ಮೆಣಸಿನಕಾಯಿ ಬಜ್ಜಿ! ಆಂಧ್ರದ ಗಡಿಯ ಆದೋನಿಗೆ ಬಂದ ಮೊದಲ ದಿನ ಮನೆಯೊಡತಿ ಬಸಮ್ಮ ತಟ್ಟೆ ತುಂಬ ಉಗ್ಗಾಣಿ ಹಾಕಿ, ಪಕ್ಕದಲ್ಲಿ ಬಜ್ಜಿ ಇಟ್ಟರು. ನಮ್ಮ ಮೈಸೂರಿನಲ್ಲಿ ಕಡ್ಲೆಪುರಿಯನ್ನು ಸಂಜೆ ಗರಿಗರಿಯಾಗಿ ತಿನ್ನುತ್ತೇವೆ. ಇಲ್ಲಿ ಅದನ್ನು ಬೇಕೆಂದೇ ನೀರಲ್ಲಿ ನೆನೆಸಿ, ಹಿಂಡಿ, ಒಗ್ಗರಣೆ ಹಾಕುತ್ತಾರೆ. ಅದೇ ಉಗ್ಗಾಣಿ. “ತಿನ್ನವ್ವ, ಖಾರ ಏನಿಲ್ಲ” ಎಂದರು. ಅಬ್ಬಾ, ಕಿವಿಯಲ್ಲಿ ಹೊಗೆ ಬಂತು.

ಈ ಸೀಮೆ ನನಗೆ ಹೊಸದೇನಲ್ಲ ಎಂಬ ಜಂಬವಿತ್ತು. ಕಾಲೇಜಿನಲ್ಲಿದ್ದಾಗ ನಮ್ಮ ಚರ್ಚಿನ ವಿದ್ಯಾರ್ಥಿಗಳ ಸೇವಾ ಪ್ರವಾಸದಲ್ಲಿ ಇಲ್ಲೇ ಹತ್ತಿರದ ಪೆದ್ದಕಡುಬೂರಿಗೆ ಬಂದಿದ್ದೆ. ಮಕ್ಕಳಿಗೆ ಹಾಡು ಕಲಿಸಿದೆವು, ಸೋಪು ಹಂಚಿದೆವು. ಸಂಜೆ ಸುತ್ತ ಕೂತು, ನಮ್ಮ ಮನಸ್ಸು ಎಷ್ಟು ವಿಶಾಲವಾಯಿತೆಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ಜನ ನಕ್ಕರು, ಊಟ ಹಾಕಿದರು. ಇವರ ಮಾತೂ ಕನ್ನಡವೇ ತಾನೇ, ಇನ್ನೇನು ಕಲಿಯುವುದಿದೆ ಎಂದುಕೊಂಡು ಬಸ್ಸು ಹತ್ತಿದ್ದೆ.

ಈಗ ನನ್ನ ಕೆಲಸ ಹತ್ತಿ ಮಿಲ್ಲುಗಳ ಯಂತ್ರಗಳನ್ನು ಪರೀಕ್ಷಿಸುವುದು. ಉಕ್ಕಿನ ಶಾಫ್ಟಿಗೆ ಎಣ್ಣೆ ಸವರಿ, ಬೆರಳುದ್ದದ ಪ್ರೋಬ್ ಆಡಿಸುತ್ತೇನೆ. ಕಿವಿಗೆ ಕೇಳದ ಶಬ್ದವೊಂದು ಒಳಗೆ ಹೋಗಿ ಮರಳುತ್ತದೆ. ನಡುವೆ ಬಿರುಕಿದ್ದರೆ ಬೇಗ ಮರಳುತ್ತದೆ, ಪರದೆಯ ಮೇಲೆ ಗೆರೆ ಏಳುತ್ತದೆ.

ಬಂದು ತಿಂಗಳಾಗಿರಬೇಕು, ಒಂದು ಮಿಲ್ಲಿನಲ್ಲಿ ಗೆರೆ ಎದ್ದಿತು. ಶಾಫ್ಟ್ ತುಸು ಸೊಟ್ಟಗೂ ಇತ್ತು. ಪಕ್ಕದ ಯಂತ್ರದ ಗದ್ದಲದ ನಡುವೆ ಫಿಟ್ಟರ್ ಈರಣ್ಣನಿಗೆ, “ಇದು ಬಾಗಿದೆ, ಒಳಗೆ ಬಿರುಕೂ ಇದೆ” ಎಂದು ಕೂಗಿ, ಎಣ್ಣೆ ಕೈ ಒರೆಸಲು ತಿರುಗಿದೆ.

“ಬಾಗುಂದಂಟ! ಚಾಲೂ ಮಾಡ್ರಿ!” ಎಂದು ಅವನು ಸ್ವಿಚ್ಚಿನ ಬಳಿ ನಿಂತವನಿಗೆ ಹೇಳಿದ್ದು ಕೇಳಿಸಿತು. ತಿರುಗಿ ನೋಡಿದರೆ ಈರಣ್ಣ ಅದೇ ಶಾಫ್ಟಿನ ಮೇಲೆ ಬಗ್ಗಿ, ಬೆಲ್ಟ್ ನೇರ ಓಡುತ್ತದೋ ನೋಡಲು ಅದರ ಬಳಿ ಕೈ ಇಟ್ಟುಕೊಂಡು ನಿಂತಿದ್ದಾನೆ. ಅದು ತಿರುಗುತ್ತಾ ಮುರಿದರೆ ಅವನ ಕೈ ಉಳಿಯುವುದಿಲ್ಲ.

“ಬ್ಯಾಡ್ರೀ! ಒಡದೈತ್ರೀ!” ಎಂದು ಕಿರುಚಿದೆ.

ಸ್ವಿಚ್ಚಿನವನು ಕೈ ಹಿಂದೆಗೆದ. ಈರಣ್ಣ ಬೆವರುತ್ತ ಬಂದ. “ನೀವಽ ಬಾಗುಂದಿ ಅಂದ್ರಲ್ಲವ್ವ! ಗದ್ದಲದಾಗ ನನಗ ಅಷ್ಟಽ ಕೇಳಿಸ್ತು.”

“ಬಾಗಿದೆ ಅಂದೆ. ಸೊಟ್ಟಗಾಗಿದೆ ಅಂತ.”

“ಅಯ್ಯ, ತೆಲುಗಿನ್ಯಾಗ ಬಾಗುಂದಿ ಅಂದ್ರ ಚಲೋ ಐತಿ ಅಂತ! ಸೊಟ್ಟ ಐತಿ ಅಂದಿದ್ರ ಆಗ್ತಿತ್ತು” ಎಂದು ಅವನು ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಪ್ರವಾಸದ ಆ ಸಂಜೆಗಳ ಮೇಲೆ ವಿಪರೀತ ಸಿಟ್ಟು ಬಂತು. ಸೋಪು ಹಂಚಿದೆವು, ಒಬ್ಬರ ಮಾತನ್ನಾದರೂ ಕಿವಿಗೊಟ್ಟು ಕೇಳಿದ್ದೆವೇ?

ಶಾಫ್ಟ್ ಬಿಚ್ಚಿಸಿ ಮನೆಗೆ ಬಂದರೂ ಕೂತಲ್ಲಿ ಕೂರಲಾಗಲಿಲ್ಲ. ಅಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳೆಂದಳು, “ಅದೇನೇ ನಿನ್ನ ಮಾತು? ಒಡದೈತಿ ಅಂತೆ! ಸಾಕು ಪುಟ್ಟಿ, ವಾಪಸ್ ಬಂದ್ಬಿಡು.”

“ಬರ್ತೀನಮ್ಮ” ಎಂದೆ. ನಿಜವಾಗಿಯೂ ಬರಬೇಕೆನಿಸಿತ್ತು.

ಫೋನು ಇಟ್ಟಾಗ ಬಾಗಿಲಲ್ಲಿ ಬಸಮ್ಮ ನಿಂತಿದ್ದರು. ಮುಖ ಸಣ್ಣದಾಗಿತ್ತು. “ಊರಿಗಿ ಹೊಂಟಿಯೇನವ್ವ?”

“ಇಲ್ರೀ, ನಾ ಎಲ್ಲೂ ಹೋಗಂಗಿಲ್ಲ” ಎಂದೆ.

ಇಬ್ಬರಲ್ಲಿ ಯಾರಿಗೆ ಸುಳ್ಳು ಹೇಳಿದೆನೋ ನನಗಿನ್ನೂ ಗೊತ್ತಾಗಿಲ್ಲ.