ಹತ್ತು ವರ್ಷದ ಎದೆನೋವು

ಮೇಸ್ತ್ರಿ ತಮ್ಮಯ್ಯನಿಗೆ ಹೊಸ ಕಾಯಿಲೆ ಎಂಬುದೇ ಬರುತ್ತಿರಲಿಲ್ಲ. ಬಂದರೆ ಹತ್ತು ವರ್ಷ ಹಳೆಯದೇ ಬರಬೇಕು.

ಅದು ತೋಟ ಕಲಿಸಿದ ಬುದ್ಧಿ. ಮಲ್ಲಂದೂರಿನ ಆಚೆಯ ಕಾಫಿ ಎಸ್ಟೇಟಿನಲ್ಲಿ ಮೊದಲು ಆಳಾಗಿ, ಆಮೇಲೆ ಆಳುಗಳ ಮೇಲೆ ಮೇಸ್ತ್ರಿಯಾಗಿ ತಲೆ ನರೆಯುವವರೆಗೆ ದುಡಿದವನು ಅವನು. ಅಲ್ಲಿ ಹಾಜರಿ ಹಾಕಿ ರಜೆ ಕೊಡುವವರು ರೈಟರ್ ಸುಬ್ಬಯ್ಯನವರು. "ಇವತ್ತು ಬೆನ್ನು ನೋವು ಸಾರ್" ಅಂದರೆ "ಕೆಲ್ಸ ಮಾಡು, ಬಿಡ್ತದೆ" ಅನ್ನುತ್ತಿದ್ದರು. "ಹತ್ತು ವರ್ಷದಿಂದ ಇದೆ ಸಾರ್, ಇವತ್ತು ತಡೆಯಕ್ಕಾಗ್ತಿಲ್ಲ" ಅಂದರೆ ಮಾತ್ರ ರಜೆ. ಹಾಗಾಗಿ ಆಳುಗಳ ಲೈನಿನ ಮನೆಗಳಲ್ಲಿ ಎಲ್ಲರ ನೋವೂ ಹಳೆಯದು. ಮೊನ್ನೆ ಮದುವೆಯಾಗಿ ಬಂದ ಹುಡುಗಿಗೂ ಹತ್ತು ವರ್ಷದ ಸೊಂಟನೋವು. ತಮ್ಮಯ್ಯ ಎದೆನೋವನ್ನು ಆರಿಸಿಕೊಂಡಿದ್ದ. ಮೊದಲ ಮಳೆಗೆ ಹೊಳೆಯಲ್ಲಿ ಮೀನು ಹತ್ತುವ ದಿನ ಅದು ತಪ್ಪದೆ ಬರುತ್ತಿತ್ತು. ಸಂಜೆ ಮೀನು ಸಾರಾದ ಮೇಲೆ ಹೋಗುತ್ತಿತ್ತು.

ಕೆಲಸ ಬಿಟ್ಟು, ಸ್ವಂತದ ತುಂಡು ಜಾಗದಲ್ಲಿ ಮನೆ ಮಾಡಿಕೊಂಡ ಮೇಲೆ ಅವನಿಗೆ ಆಸ್ಪತ್ರೆಯ ಇನ್ಶೂರೆನ್ಸ್ ಮಾಡಿಸಿದವನು ಬಸವಪ್ರಸಾದ್. ಆಲ್ದೂರಿನಲ್ಲಿ ಅವನದು ಗೊಬ್ಬರದ ಅಂಗಡಿ. ಯೂರಿಯಾದ ಜೊತೆಗೆ ಪಾಲಿಸಿಯನ್ನೂ ಮಾರುತ್ತಿದ್ದ.

"ಕಾರ್ಡ್ ತೋರ್ಸಿದ್ರೆ ಸಾಕು ಮೇಸ್ತ್ರಿ. ಮಾವನ ಮನೆಗೆ ಹೋದಂಗೆ ಹೋಗಿ, ಮಲ್ಗಿ, ಎದ್ದು ಬನ್ನಿ."

ತಮ್ಮಯ್ಯ ಆ ಕಾರ್ಡನ್ನು ದೇವರ ಪಟದ ಪಕ್ಕದಲ್ಲಿಟ್ಟ. ಹೆಂಡತಿ ಅಂಜನಮ್ಮ ನೋಡಿದಳು. "ಅದ್ಕೂ ಒಂದು ಹೂ ಇಡ್ಲಾ?" ಅಂದಳು.

ಕಾರ್ಡು ಬಂದ ವರ್ಷದ ಮಳೆಗಾಲ ಮುಗಿದ ಮೇಲೆ ಎದೆನೋವು ನಿಜವಾಗಿಯೇ ಬಂತು. ಮೂರು ದಿನ ಅವನು ಬಾಯಿ ಬಿಡಲಿಲ್ಲ. ಹೇಳಿದರೆ ಅಂಜನಮ್ಮ ನಗುತ್ತಾಳೆಂದು ಗೊತ್ತಿತ್ತು. ನಾಲ್ಕನೆಯ ದಿನ ಬೆವರು ಸುರಿದು ಕುಸಿದ. ಅಕ್ಕಪಕ್ಕದವರು ಜೀಪಿಗೆ ಹಾಕಿಕೊಂಡು ಚಿಕ್ಕಮಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಒಯ್ದರು.

"ಎಷ್ಟು ದಿನದಿಂದ ನೋವಿದೆ?" ಎಂದು ಡಾಕ್ಟರು ಕೇಳಿದರು.

ತಮ್ಮಯ್ಯ ಅವರನ್ನು ನೋಡಿದ. ಕೈಯಲ್ಲಿ ಪೆನ್ನು, ಮುಖ ಗಂಟು, ಎಲ್ಲ ರೈಟರದ್ದೇ. ಮೂರು ದಿನ ಅಂದರೆ ಒಂದು ಮಾತ್ರೆ ಕೊಟ್ಟು ಓಡಿಸುವ ಪೈಕಿ.

"ಹತ್ತು ವರ್ಷದಿಂದ ಇದೆ ಸಾರ್."

"ಇಲ್ಲ ಸಾರ್, ಇವ್ರು…" ಎಂದು ಅಂಜನಮ್ಮ ಬಾಯಿ ತೆಗೆದಳು.

"ನೀ ಸುಮ್ನಿರು ಮಾರಾಯ್ತಿ. ನೋವು ನಂದು."

ಡಾಕ್ಟರು ಬರೆದುಕೊಂಡರು. ಅಷ್ಟು ಕಾಲದಲ್ಲಿ ಅವನ ಎದೆನೋವನ್ನು ಒಂದೇ ಮಾತಿಗೆ ನಂಬಿದವರು ಅವರೊಬ್ಬರೇ.

ಸ್ಟೆಂಟ್ ಹಾಕಲೇಬೇಕು, ತಡ ಮಾಡಿದರೆ ಜೀವ ಉಳಿಯುವುದಿಲ್ಲ ಎಂದರು. ಖರ್ಚಿಗೆ ಇನ್ಶೂರೆನ್ಸ್ ಕಂಪನಿ ಒಪ್ಪಬೇಕು, ಇಲ್ಲವಾದರೆ ಮನೆಯವರು ಕಟ್ಟಬೇಕು. ಅಂಜನಮ್ಮ ಇನ್ಶೂರೆನ್ಸ್ ಕೌಂಟರಿನ ಮುಂದೆ ಕೂತಳು. ಅಲ್ಲಿದ್ದ ಹುಡುಗಿ ಅರ್ಚನಾ ಸಂಜೆಗೆ ಕರೆದಳು.

"ಅಮ್ಮಾ, ಕಂಪನಿಯವ್ರು ಆಗಲ್ಲ ಅಂದಿದಾರೆ. ಹತ್ತು ವರ್ಷದ ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡ್ಸಿದೀರಂತೆ."

"ಮುಚ್ಚಿಟ್ಟಿದ್ದಲ್ಲ ಮಗಾ. ಸುಳ್ಳು ಹೇಳಿದ್ದು. ಅದು ಮೂರೇ ದಿನದ್ದು."

"ಇಲ್ದಿರೋ ಕಾಯಿಲೆನ ಇದೆ ಅಂತ ಯಾರಾದ್ರೂ ಹೇಳ್ತಾರಾ?"

"ನೀನು ತೋಟದ ಕೆಲ್ಸ ಮಾಡಿಲ್ಲ, ಬಿಡು."

ಕೆಟ್ಟ ಹುಡುಗಿಯಲ್ಲ ಅರ್ಚನಾ. ದುಡಿದ ಕಡೆಯಿಂದ, ಇವರಿಗೆ ಏನೂ ಕಾಯಿಲೆ ಇರಲಿಲ್ಲ ಎಂದು ಬರೆಸಿಕೊಂಡು ಬನ್ನಿ, ಕಳಿಸಿ ನೋಡೋಣ ಎಂದಳು. ಅಂಜನಮ್ಮ ಮೂಡಿಗೆರೆ ಬಸ್ಸು ಹತ್ತಿ, ಅಲ್ಲಿ ಮಗಳ ಮನೆಯಲ್ಲಿದ್ದ ಸುಬ್ಬಯ್ಯನವರನ್ನು ಹುಡುಕಿದಳು.

"ತಮ್ಮಯ್ಯಂಗೆ ಎದೆನೋವಾ? ನಾನು ಒಂದು ದಿನವೂ ನಂಬಿದವನಲ್ಲ ಕಣಮ್ಮ," ಎಂದು ಅವರು ಖುಷಿಯಿಂದಲೇ ಬರೆದುಕೊಟ್ಟರು. ತಮ್ಮಯ್ಯ ವರ್ಷಾ ವರ್ಷಾ ಎದೆನೋವೆಂದು ರಜೆ ಪಡೆಯುತ್ತಿದ್ದ, ಆದರೆ ಅದು ಮೀನಿನ ನೋವೇ ಹೊರತು ಎದೆಯದ್ದಲ್ಲ ಎಂದಿತ್ತು ಅದರಲ್ಲಿ. ಕಂಪನಿಯವರು ಮೊದಲರ್ಧ ಓದಿದರು. ವರ್ಷಾ ವರ್ಷಾ ಎದೆನೋವು ಇತ್ತೆಂಬುದಕ್ಕೆ ರೈಟರೇ ಸಾಕ್ಷಿ ಎಂದು ಕೈ ತೊಳೆದುಕೊಂಡರು.

ಅಂಜನಮ್ಮ ಊರಿಗೆ ಬಂದು, ಹಿತ್ತಲಿನ ಸಿಲ್ವರ್ ಮರಗಳಿಗೆ ಹಬ್ಬಿದ್ದ ಮೆಣಸನ್ನು ಮೂರು ಫಸಲಿಗೆ ಗುತ್ತಿಗೆ ಕೊಟ್ಟಳು. ಆ ದುಡ್ಡಿಗೆ ಸ್ಟೆಂಟ್ ಬಿತ್ತು. ತಮ್ಮಯ್ಯ ಬದುಕಿ ಬಂದ.

"ನಿಮ್ಮ ಬಾಯಿಗೆ ಬೀಗ ಹಾಕಿದ್ರೆ ಮೆಣಸು ಉಳೀತಿತ್ತು," ಎಂದು ಅವಳು ಒಂದು ಸಲ ಅಂದಳು. ಒಂದು ಸಲವೇ ಸಾಕಾಯಿತು. ಗುತ್ತಿಗೆಯವರು ಏಣಿ ಇಟ್ಟು ಮೆಣಸು ಕುಯ್ಯುವಾಗ ಅವನು ಜಗಲಿಯಲ್ಲಿ ಕೂತು "ಬಳ್ಳಿ ಎಳೀಬೇಡ್ರೋ" ಅನ್ನುತ್ತಿದ್ದ.

ದುಡ್ಡು ಕೊಡುವುದಿಲ್ಲ ಎಂದ ಕಂಪನಿ ಕಂತು ಬೇಡ ಎನ್ನಲಿಲ್ಲ. ಇವನೂ ಹಟಕ್ಕೆ ಬಿದ್ದು ಕಟ್ಟಿದ. "ಬಿಟ್ರೆ ಅವ್ರಿಗೆ ಖುಷಿ ಆಗ್ತದೆ" ಅನ್ನುತ್ತಿದ್ದ.

ಅಲ್ಲಿಂದ ಮುಂದೆ ತಮ್ಮಯ್ಯನಿಗೆ ಯಾವ ಕಾಯಿಲೆಯೂ ಇಲ್ಲ. ಕೆಮ್ಮಿದರೆ ಏನಿಲ್ಲ. ಕಾಲು ಊದಿದರೆ ಏನಿಲ್ಲ, ಈಗ ಬಂತು, ಈಗ ಹೋಗ್ತದೆ. ಏನು ಹೇಳಿದರೆ ಯಾರು ಎಲ್ಲಿ ಬರೆದುಕೊಳ್ಳುತ್ತಾರೋ ಎಂಬ ಹೆದರಿಕೆ. ಅಂಜನಮ್ಮನಿಗೆ ಮನೆ ತಣ್ಣಗಾದಂತೆ ಅನಿಸಿತು. ಮದುವೆಯಾದಂದಿನಿಂದ ಕೇಳಿದ ರಾಗ ನಿಂತಿತಲ್ಲ ಎಂದು ಸಮಾಧಾನಪಟ್ಟುಕೊಂಡಳು.

ಮತ್ತೆ ಮೂರು ಮಳೆಗಾಲ ಕಳೆದವು. ಕಾಫಿ ಹಣ್ಣು ಕೆಂಪಿಗೆ ತಿರುಗುವ ಹೊತ್ತು. ಒಂದು ಬೆಳಿಗ್ಗೆ ಅವನು ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದ. ಹಣೆ ಒದ್ದೆಯಾಗಿತ್ತು.

"ಎಂತ ಆಯ್ತು?"

"ಏನಿಲ್ಲ. ಗ್ಯಾಸು."

"ಜೀಪಿಗೆ ಹೇಳ್ಲಾ?"

"ಗ್ಯಾಸಿಗೆ ಜೀಪಾ? ಈ ವರ್ಷದ ಮೆಣಸು ನಮ್ ಕೈಗೆ ಬರ್ತದೆ. ಅದನ್ನೂ ಆಸ್ಪತ್ರೆಗೆ ಸುರೀತೀಯಾ?"

ಅಂಜನಮ್ಮ ಓಮ ಹಾಕಿ ನೀರು ಕುದಿಸಿ ತಂದಳು. ಅವನು ಗೋಡೆಗೆ ಒರಗಿ ಕೂತಿದ್ದ. ಲೋಟ ಹಿಡಿಯಲು ಕೈ ಏಳಲಿಲ್ಲ.

ತಮ್ಮಯ್ಯನ ಹನ್ನೊಂದನೆಯ ದಿನದ ತಿಥಿ ಊಟಕ್ಕೆ ಬಸವಪ್ರಸಾದ್ ಬಂದ. ಎಲೆಯ ಮುಂದೆ ಕೂತು ನಿಟ್ಟುಸಿರು ಬಿಟ್ಟ.

"ಮೇಸ್ತ್ರಿ ಆಸ್ಪತ್ರೆಗೆ ಹೋಗ್ಬೇಕಿತ್ತಮ್ಮ. ಈ ಮಳೆಗಾಲಕ್ಕೆ ಪಾಲಿಸಿಗೆ ಮೂರು ವರ್ಷ ತುಂಬಿತ್ತು. ಆಮೇಲೆ ಹಳೇ ಕಾಯಿಲೆಗೂ ಕಂಪನಿನೇ ಕಟ್ತಿತ್ತು."

ಬಡಿಸುತ್ತಿದ್ದ ಅಂಜನಮ್ಮ ನಿಂತಳು. "ಇದು ಅವ್ರಿಗೆ ಗೊತ್ತಿತ್ತಾ?"

"ಪಾಲಿಸಿ ಕಾಗ್ದದಲ್ಲಿ ಇದೆಯಲ್ಲ."

"ನೀವು ಹೇಳಿದ್ರಾ?"

ಬಸವಪ್ರಸಾದ್ ಅನ್ನ ಕಲಸಿದ. "ಅವ್ರು ಕೇಳ್ಲಿಲ್ಲ."

ಪಾಯಸ ಆಗಷ್ಟೇ ಒಲೆಯಿಂದ ಇಳಿದಿತ್ತು. ಅಂಜನಮ್ಮ ಸೌಟು ತುಂಬಾ ತೆಗೆದಳು. ಅವನು ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದ. ಅವಳು ಕೈಯ ಮೇಲೇ ಬಡಿಸಿದಳು.