ಬಸುರಿಯ ಗಂಡ ಕಾಯಿ ಒಡೆದದ್ದು

ಹೆಂಡತಿ ಬಸುರಿಯಾದಾಗ ಗಂಡ ತೆಂಗಿನಕಾಯಿ ಒಡೆಯಬಾರದು ಅಂತ ನಮ್ಮ ಕಡೆ ಕಟ್ಟಳೆ. ಬೇರೆಯವರಿಗೆ ಅದೇನು ಮಹಾ? ನಾನು ಹಿರಿಯೂರಿನ ಕಾಯಿ ವ್ಯಾಪಾರಿ! ಮಹಾರಾಜರ ಕಾಲದ ಆ ದಿನಗಳಲ್ಲಿ ಹಿರಿಯರ ಮಾತು ಮೀರುವ ಧೈರ್ಯ ಯಾರಿಗಿತ್ತು? ಕಾಯಿ ರಾಶಿಯ ಮುಂದೆ ಕೈ ಕಟ್ಟಿಕೊಂಡು ಕೂತೆ.

ಏಳನೇ ತಿಂಗಳಲ್ಲಿ ಅವಳು ಹಿರೇಗುಂಟನೂರಿನ ತವರಿಗೆ ಹೋದಳು. ಮರುವಾರ ಒಬ್ಬ ಗಿರಾಕಿ, "ಕಾಯಿ ಒಳಗೆ ಕೊಳೆತಿಲ್ಲ ಅಂತ ಹೆಂಗ್ ನಂಬ್ಲಿ?" ಅಂದ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಒಂದು ಕಾಯಿ ಎತ್ತಿ ಕಲ್ಲಿಗೆ ಕುಟ್ಟಿ, ಬಿಳೀ ಹೋಳನ್ನು ಅವನ ಮುಖಕ್ಕೆ ಹಿಡಿದೆ. ಕಟ್ಟಳೆ ಆಮೇಲೆ ನೆನಪಾಯಿತು.

ಹದಿನೈದು ದಿನಕ್ಕೆ ಸುದ್ದಿ ಬಂತು. ಅವಳು ಊಟ ಬಿಟ್ಟಿದ್ದಾಳೆ, ಕೇಳಿದರೆ ಅಳುತ್ತಾಳೆ. ನಾನೊಡೆದ ಕಾಯಿಯೇ ಕಾರಣ ಅಂತ ಖಾತ್ರಿಯಾಗಿ, ಗಾಡಿ ಕಟ್ಟಿಸಿಕೊಂಡು ಓಡಿದೆ.

ಹಿರಿಯರೆದುರು ಗಂಡಹೆಂಡತಿ ಮಾತಾಡುವಂತಿಲ್ಲ. ನಾನು ಪಡಸಾಲೆಯಲ್ಲಿ, ಅವಳು ಅಡುಗೆಮನೆಯ ಬಾಗಿಲ ಹಿಂದೆ, ನಡುವೆ ನಮ್ಮತ್ತೆ.

"ಯಾಕೆ ಉಣ್ಣಲ್ವಂತೆ ಕೇಳ್ರಿ ಅತ್ತೆ."

"ಹಸಿವಿಲ್ವಂತೆ."

"ಮೈ ಹುಷಾರೈತಾ ಕೇಳ್ರಿ."

"ಐತಂತೆ. ಕೈಕಾಲ್ ತೊಳ್ಕಳ್ರಿ."

ಅತ್ತೆ ಬಾಗಿಲ ಕಡೆ ತಿರುಗಿಯೂ ನೋಡದೆ ಉತ್ತರ ಕೊಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಕೂಗಿಯೇ ಬಿಟ್ಟೆ: "ನಾನು ಕಾಯಿ ಒಡ್ದೆ ಕಣೇ! ಮಗೀಗೆ ಏನಾರ ಆದ್ರೆ ನನ್ ತಪ್ಪು. ನಂಗೆ ಭಯ ಆಗೈತೆ!"

ಅತ್ತೆ ಹಣೆ ಚಚ್ಚಿಕೊಂಡರು. ಒಳಗೆ ಬಿಕ್ಕುವ ಸದ್ದು. ಕೆಟ್ಟೆ ಅಂದುಕೊಂಡೆ. ನೋಡಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಾ ಹೊರಗೆ ಬಂದಳು, ಕಣ್ಣಲ್ಲಿ ನೀರು.

"ನಾನು ಕದ್ದು ಎಳ್ಳುಂಡೆ ತಿಂದಿದ್ದೆ ಕಣ್ರಿ. ನಾಕು. ಎಳ್ಳು ತಿಂದ್ರೆ ಬಸುರು ನಿಲ್ಲಲ್ಲ ಅಂತಾರಲ್ಲ? ಮಗೀಗೆ ನಾನೇ ಕೇಡು ಮಾಡ್ದೆ ಅಂತ ತುತ್ತು ಇಳೀತಿರ್ಲಿಲ್ಲ."

"ಮಗು ಒದೀತೈತಾ?" ಅಂದೆ.

"ಮೂರು ಹೊತ್ತೂ ಒದೀತೈತೆ!"

ಇಬ್ಬರು ಪೆದ್ದರು ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ಅವಳು ನಾಚಿಕೆ ಬಿಟ್ಟು ನನ್ನ ಪಕ್ಕದಲ್ಲೇ ಕೂತು ಎರಡು ಮುದ್ದೆ ಉಂಡಳು. ನನಗೆ ಹೋದ ಜೀವ ಬಂದ ಹಾಗಾಯಿತು.

ಅತ್ತೆ ಇಬ್ಬರಿಗೂ ಸಾರು ಬಡಿಸಿದರು. ಆಮೇಲೆ ಮಗಳ ತಲೆ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: "ನೀನು ಹೊಟ್ಟೇಲಿದ್ದಾಗ ನಾನೂ ತಿಂದಿದ್ದೆ ಕಣವ್ವ. ನಾಕಲ್ಲ, ಒಂದ್ ಮಡಿಕೆ."